ಹೊಳೆಗೆ ಹಾರಿದವಳು ಮತ್ತು ಅತ್ತೆಯ ಕಾರು

ನಮ್ಮ ಮನೆಯ ಬೀರು ತೆಗೆದರೆ ಮೊದಲು ಬರುವುದು ನುಸಿಗುಳಿಗೆಯ ವಾಸನೆ, ಆಮೇಲೆ ನನ್ನ ಮಗಳ ದೂರು. ಈ ಬೆಳಿಗ್ಗೆಯೂ ಹಾಗೇ ಆಯಿತು. ಕಾಲೇಜಿನಲ್ಲಿ ಸೀರೆ ಉಡುವ ದಿನವಂತೆ. ನನ್ನ ಅವ್ವನ ಕಾಲದ ಮೊಳಕಾಲ್ಮೂರು ಸೀರೆಯನ್ನು ಹೊರಗೆಳೆದು, ಮಡಿಕೆ ಬಿಚ್ಚಿ, ಸೆರಗಿನ ಹತ್ತಿರ ಹುಣಸೆಬೀಜದಗಲದ ಒಂದು ಮಾಸಲು ಗುರುತನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಇದೇನಪ್ಪಾ ಕಲೆ? ಇದನ್ನ ಉಟ್ಕಂಡು ಹೋಗಾಕಾಗ್ತೈತಾ?" ಎಂದು ತಿಂಡಿಯನ್ನೂ ಮುಟ್ಟದೆ ಮುಖ ಊದಿಸಿಕೊಂಡು ಕೂತಳು.

ನೀವೇ ಹೇಳಿ, ಆ ಕಲೆಯ ಕಥೆಯನ್ನು ತಿಂಡಿ ಆರುವುದರೊಳಗೆ ಹೇಳಿ ಮುಗಿಸಲು ಸಾಧ್ಯವೇ? ಅದರಲ್ಲಿ ಒಂದು ಟೀವಿ ಕಾರ್ಯಕ್ರಮವಿದೆ, ಒಂದು ಕಾರಿದೆ, ಹೊಳೆಯ ಕಡೆ ನಡೆದ ಒಬ್ಬ ಹುಡುಗಿಯಿದ್ದಾಳೆ. ನಾನೂ ಇದ್ದೇನೆ. ಆದರೆ ನನ್ನ ಪಾತ್ರ ಹೇಳಿಕೊಳ್ಳುವಂಥದ್ದಲ್ಲ.

ಶಾರದತ್ತೆ ನನ್ನ ಅಪ್ಪನ ತಂಗಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವ ಮನೆಗೆ ಸೊಸೆಯಾಗಿ ಹೋದವಳು. ಆ ಮನೆಯಲ್ಲಿ ಹತ್ತನೇ ತರಗತಿ ಪಾಸಾಗಿದ್ದವಳು ಅವಳೊಬ್ಬಳೇ. ಅವಳ ಮಾವನಿಗೆ, ಅಂದರೆ ನಾವೆಲ್ಲ ಅಜ್ಜ ಎಂದು ಕರೆಯುವ ಮನುಷ್ಯನಿಗೆ, ಓದು ಬಾರದು; ಕಥೆಯ ಹುಚ್ಚು ಮಾತ್ರ ವಿಪರೀತ. ಕಂಡಿಕೆಗೆ ನೂಲು ಸುತ್ತುವ ಕೆಲಸ ಮುಗಿದ ಮೇಲೆ ಅತ್ತೆ ಮಗ್ಗದ ಪಕ್ಕ ಕೂತು, ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಗಟ್ಟಿಯಾಗಿ ಓದುವಳು. ಅಜ್ಜ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಆಡಿಸುತ್ತ ಹೂಂಗುಟ್ಟುವನು. ಕಥೆಯಲ್ಲಿ ಜಗಳ ಬಂದರೆ ನೇಯ್ಗೆ ಬಿಗಿ, ಪ್ರೇಮ ಬಂದರೆ ಸಡಿಲ ಎಂದು ಅತ್ತೆಯ ಗಂಡ, ನನ್ನ ಮಾಮ, ಈಗಲೂ ಆಡಿಕೊಳ್ಳುತ್ತಾನೆ.

ಮೊದಲ ಪುಸ್ತಕದಲ್ಲೇ ಎಡವಟ್ಟಾಯಿತು. ಅದರ ನಾಯಕಿಯೂ ಹೊಸದಾಗಿ ಮದುವೆಯಾದವಳು. ಗಂಡನ ಮನೆಯಲ್ಲಿ ಮಾತಾಡುವವರಿಲ್ಲದೆ ಸೊರಗಿ ಸೊರಗಿ, ಒಂದು ಸಂಜೆ ಹಿತ್ತಿಲ ಬಾಗಿಲು ತೆಗೆದು ಹೊಳೆಯ ಕಡೆ ನಡೆಯುತ್ತಾಳೆ. ಇನ್ನು ಕೊನೆಯ ಅಧ್ಯಾಯವೊಂದೇ ಬಾಕಿ. ಅತ್ತೆಗೆ ಮುಂದೆ ಓದಲಾಗಲಿಲ್ಲ. ಪುಸ್ತಕ ಕೆಳಗಿಡಲು ಬಗ್ಗಿದಾಗ ಕಣ್ಣಿನ ಹನಿಯೊಂದು ಮಗ್ಗದ ಮೇಲಿದ್ದ ಸೀರೆಗೆ ಬಿತ್ತು. ರೇಷ್ಮೆಗೆ ಬಿದ್ದ ನೀರಿನ ಗುರುತು ಸುಲಭಕ್ಕೆ ಹೋಗುವುದಿಲ್ಲ. ನೇಯಿಸಿದ ಸಾವ್ಕಾರ ಆ ಸೀರೆ ಬೇಡವೆಂದ. ಹಾಗಾಗಿ ಅದು ಉಡುಗೊರೆಯ ವೇಷ ಹಾಕಿಕೊಂಡು ನಮ್ಮ ಅವ್ವನ ಬೀರು ಸೇರಿತು.

ಅಜ್ಜ ಅವತ್ತು ಬೈಯಲಿಲ್ಲ. ಗಾಬರಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. "ಚಾಲಮ್ಮಾ, ಚಾಲು", ಅಂದರೆ ಸಾಕಮ್ಮಾ ಸಾಕು, ಎಂದು ಓದು ನಿಲ್ಲಿಸಿದನಂತೆ. ಆಮೇಲೆ ಕನ್ನಡಕ್ಕೆ ಬಂದು ಹೇಳಿದ: "ಕೊನೇದು ಓದಬ್ಯಾಡ. ಏನಾತು ಅಂತ ನಾನು ಹೇಳ್ತೀನಿ ಕೇಳು. ಹೊಳೆ ದಡದಾಗೆ ನಮ್ಮೋನೊಬ್ಬ ನೂಲು ತೊಳೀತಿದ್ದ. ಅವಳ ಕೈ ಹಿಡ್ದು ಎಳ್ಕಂಡ. ಮನಿಗೆ ಕರ್ಕಂಡು ಬಂದು ಬಿಸಿ ಮುದ್ದೆ ಇಕ್ಕಿದ್ರು. ಉಂಡ್ಲು. ಮುಗೀತು."

ಅಂದಿನಿಂದ ಆ ಮನೆಯಲ್ಲಿ ಅದೇ ಪದ್ಧತಿಯಾಯಿತು. ಸೀರೆ ಮಗ್ಗದಿಂದ ಇಳಿಯುವ ದಿನ ಪುಸ್ತಕ ಮುಚ್ಚಬೇಕು, ಕೊನೆಯ ಅಧ್ಯಾಯ ಓದಕೂಡದು, ಅಜ್ಜ ಹೇಳಿದ್ದೇ ಮುಕ್ತಾಯ. ಅತ್ತೆ ಮನಸ್ಸು ಮಾಡಿದ್ದರೆ ಗ್ರಂಥಾಲಯದಲ್ಲಿ ನಿಂತೇ ಕೊನೆಯ ಪುಟ ನೋಡಬಹುದಿತ್ತು. ನೋಡಲಿಲ್ಲ. ಹೀಗೆ ಅವಳಿಗೆ ಗೊತ್ತಿದ್ದ ಕಾದಂಬರಿಗಳಿಗೆ ಲೆಕ್ಕವಿಲ್ಲ, ಅವುಗಳ ಮುಕ್ತಾಯ ಮಾತ್ರ ಒಂದೇ. ಹಡಗು ಮುಳುಗುವ ಕಥೆಯಲ್ಲೂ ಸಮುದ್ರದ ದಡದಲ್ಲಿ ನೇಕಾರನೊಬ್ಬ ನೂಲು ತೊಳೆಯುತ್ತಿದ್ದ, ಬದುಕಿದವರೆಲ್ಲ ಮುದ್ದೆ ಉಣ್ಣುತ್ತಿದ್ದರು. ನಾನು ಕನ್ನಡ ಎಂ.ಎ. ಓದುವಾಗ, ತಲೆಯಲ್ಲಿ ವಿಮರ್ಶೆ ತುಂಬಿಕೊಂಡಿದ್ದ ಕಾಲದಲ್ಲಿ, "ಅಜ್ಜಾ, ನಮ್ಮೋನು ನೂಲು ತೊಳೆಯೋಕೆ ಅಷ್ಟು ದೂರ ಯಾಕೆ ಹೋಗ್ತಾನೆ?" ಎಂದು ಕೆಣಕಿದ್ದೆ.

"ನಮ್ಮೂರಾಗೆ ನೀರೆಲ್ಲೈತಲೇ?" ಎಂದ.



ಇಂಥ ಅತ್ತೆ ಟೀವಿಯ ರಸಪ್ರಶ್ನೆ ಕಾರ್ಯಕ್ರಮಕ್ಕೆ ಆಯ್ಕೆಯಾದಳು. ಕೊನೆಯ ಪ್ರಶ್ನೆ ಗೆದ್ದವರಿಗೆ ಕಾರು. ಮಾಮ ಮುಂಚೆಯೇ ಮನೆ ಮುಂದಿನ ಒಗೆಯುವ ಕಲ್ಲನ್ನು ಪಕ್ಕಕ್ಕೆ ಉರುಳಿಸಿ ಜಾಗ ಮಾಡಿಬಿಟ್ಟ. ಅತ್ತೆಗೆ ಕಾರಿನ ಶೋಕಿ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಅಜ್ಜನ ಕಣ್ಣು. ಪೊರೆ ಬಂದು ಅಜ್ಜನಿಗೆ ಎಲ್ಲ ಮಬ್ಬಾಗಿತ್ತು. ಕಣ್ಣಿನ ಡಾಕ್ಟರು ಇರುವುದು ನಮ್ಮ ಚಳ್ಳಕೆರೆಯಲ್ಲಿ. ಒಮ್ಮೆ ರಶ್ಶಿನಲ್ಲಿ ಯಾರೋ ಕಾಲು ತುಳಿದ ಮೇಲೆ ಅಜ್ಜ ಬಸ್ಸನ್ನೇ ಬಿಟ್ಟಿದ್ದ. "ಹೋಗ್ಲಿ, ಬಾಡಿಗೆ ಕಾರು ಮಾಡಾಣ" ಎಂದರೆ, "ಬಾಡಿಗೆ ಕಾರು ಹತ್ತಾಕೆ ನಾನೇನು ಮದುವಿ ಗಂಡಾ? ಮನಿ ಕಾರು ಬರ್ಲಿ, ಬರ್ತೀನಿ" ಎನ್ನುತ್ತಿದ್ದ. ಬರುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳಿದ ಮಾತು ಅದು.

ಉತ್ತರ ಗೊತ್ತಾಗದಿದ್ದರೆ ಫೋನು ಮಾಡಿ ಕೇಳಲು ಅತ್ತೆ ನನ್ನ ಹೆಸರು ಕೊಟ್ಟಿದ್ದಳು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಇಂಥ ಗೌರವ ದಿನಾ ಸಿಗುವುದಿಲ್ಲ. ಚಿತ್ರೀಕರಣದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಮೊಳಕಾಲ್ಮೂರಿಗೇ ಹೋಗಿ ಅಜ್ಜನ ಪಕ್ಕ ಕೂತೆ. ಫೋನಿನಲ್ಲಿ ಯಾರು ನೋಡುತ್ತಾರೆಂದು ಇಸ್ತ್ರಿ ಮಾಡಿಸಿದೆನೋ ಇವತ್ತಿಗೂ ತಿಳಿಯದು.

ಮಧ್ಯಾಹ್ನ ಫೋನು ಬಂತು. ಅಜ್ಜನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ನಿರೂಪಕ, "ನಿಮ್ಮ ಅತ್ತೆ ಕೊನೆಯ ಪ್ರಶ್ನೆಯಲ್ಲಿದ್ದಾರೆ, ಸಾಹಿತ್ಯದ ಪ್ರಶ್ನೆ, ಅರ್ಧ ನಿಮಿಷ ಇದೆ" ಎಂದ. ನಾನು ಕಾಲರ್ ಸರಿಮಾಡಿಕೊಂಡೆ.

"ಮಗಾ, ಆ ಹೊಳೆ ಪುಸ್ತಕನೇ ಕೇಳ್ಯಾರಪ್ಪಾ!" ಎಂದಳು ಅತ್ತೆ. "ಹುಡುಗಿ ಕೊನಿಗೆ ಏನಾಗ್ತಾಳೆ ಅಂತ. ಹೊಳೆಗೆ ಹಾರ್ತಾಳೆ, ತವರಿಗೆ ಹೋಗ್ತಾಳೆ, ಕಾಶಿಗೆ ಹೋಗ್ತಾಳೆ, ಇನ್ನೊಂದು ಮದುವಿ ಆಗ್ತಾಳೆ. ನಾಲ್ಕರಾಗೂ ಮುದ್ದೆ ಇಲ್ಲ!"

ಆ ಕಾದಂಬರಿಯನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಕೊನೆಯ ಅಧ್ಯಾಯದ ಮೇಲೆ ಉದ್ದುದ್ದ ಟಿಪ್ಪಣಿ ಬರೆಸಿದ್ದೇನೆ. ಅವಳು ಹಾರುತ್ತಾಳೆ, ಯಾರೂ ಎತ್ತುವುದಿಲ್ಲ. ಅಷ್ಟು ಹೇಳಿದರೆ ಕಾರು ಬರುತ್ತಿತ್ತು, ಅಜ್ಜನ ಕಣ್ಣೂ ಬರುತ್ತಿತ್ತು. ಆದರೆ ಅಜ್ಜ ಪಕ್ಕದಲ್ಲೇ ಫೋನಿಗೆ ಕಿವಿಕೊಟ್ಟು ಕೂತಿದ್ದಾನೆ. ಅವನು ಇಷ್ಟು ವರ್ಷ ದಡದ ಮೇಲೆ ಕಾಪಾಡಿಕೊಂಡು ಬಂದ ಹುಡುಗಿಯನ್ನು ಅವನ ಎದುರೇ ನೀರಿಗೆ ನೂಕುವುದು ಹೇಗೆ? ತರಗತಿಯಲ್ಲಿ ಗಂಟೆ ಹೊಡೆದರೂ ನಿಲ್ಲದ ನನ್ನ ಬಾಯಿ ಅವತ್ತು ಕಟ್ಟಿಹೋಯಿತು. "ಅತ್ತೆ, ಅದು... ಮೊದಲನೇ..." ಎಂದೆ. ಅಷ್ಟೇ.

"ಹಾರ್ತಾಳಾ?" ಎಂದಳು ಅತ್ತೆ. ಮೊದಲ ಸಲ ಓದಿದಾಗಿನ ದನಿ ಇದೇ ಇದ್ದಿರಬೇಕು.

ಅಜ್ಜ ತಡಕಾಡಿ ನನ್ನ ಕೈಯಿಂದ ಫೋನು ಕಿತ್ತುಕೊಂಡ. "ಶಾರದವ್ವಾ, ಮೇಷ್ಟ್ರ ಮಾತೇ ನಿಂತೋಗೈತೆ ಅಂದ್ರೆ ಅದೇ ಸರಿ. ಹಾರಿದ್ಲು ಅಂತ ಹೇಳು. ಕಾರು ಬರ್ಲಿ. ಆಮ್ಯಾಕೆ ನಾವು ಎತ್ಕಳಾನ."

ಫೋನು ಕಡಿಯಿತು.

ಮುಂದಿನದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಣ್ಯಕ್ಕೆ ಅವತ್ತು ಉಟ್ಟಿದ್ದುದು ಹತ್ತಿ ಸೀರೆ. "ಹಾರ್ತಾಳೆ" ಎಂದಳು. ಮೇಲಿನಿಂದ ಬಣ್ಣದ ಕಾಗದ ಸುರಿಯಿತು, ಕಾರಿನ ಕೀಲಿ ಬಂತು. ಟೀವಿಯವರು ಕತ್ತರಿಸಿದ್ದು ಅದರ ನಂತರದ್ದನ್ನು. "ಅಲ್ಲಿಗೇ ಮುಗೀಲಿಲ್ಲ ಸಾರ್, ದಡದಾಗೆ ನಮ್ಮೋನೊಬ್ಬ ನೂಲು ತೊಳೀತಿದ್ದ" ಎಂದು ಶುರುಮಾಡಿ ಅತ್ತೆ ಅಲ್ಲೇ ನಿಂತು ಮುದ್ದೆಯವರೆಗೂ ಹೇಳಿದಳಂತೆ. ನಮಗೆ ಕಂಡದ್ದು ಸೋಪಿನ ಜಾಹೀರಾತು.

ಅವತ್ತು ಟೀವಿ ಆರಿಸಿದ ಮೇಲೆ ಮಾಮ ಒಂದು ಮಾತು ಹೇಳಿದ. ಮದುವೆಯಾದ ಹೊಸದರಲ್ಲಿ ಅತ್ತೆ ತವರು ನೆನೆದು ಊಟವನ್ನೇ ಬಿಟ್ಟಿದ್ದಳಂತೆ. ಅಜ್ಜ ದಿನಾ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಪಾತ್ರೆಯ ಮುಚ್ಚಳ ಎತ್ತಿ, ಸೊಸೆಯ ಪಾಲಿನ ಮುದ್ದೆ ಹಾಗೇ ಇದೆಯೇ ಎಂದು ನೋಡಿ ಬರುತ್ತಿದ್ದನಂತೆ. ಇಷ್ಟು ವರ್ಷ ಅಜ್ಜನ ಮುಕ್ತಾಯಗಳನ್ನು ಹೇಳಿ ಸಹೋದ್ಯೋಗಿಗಳನ್ನು ನಗಿಸಿದವನು ನಾನು. ಅವತ್ತು ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ತಿಂಡಿ ತಣ್ಣಗಾಗಿತ್ತು. ಅವಳು ಎದ್ದು ಹೋಗಿ ಸೀರೆ ಉಟ್ಟುಕೊಂಡು ಬಂದಳು. ನಮ್ಮ ಅವ್ವ ಆ ಕಲೆಯನ್ನು ಯಾವಾಗಲೂ ಮಡಿಕೆಯೊಳಗೆ ಅಡಗಿಸುತ್ತಿದ್ದಳು. ಹಾಗೆ ಮಾಡು ಎಂದು ಹೇಳಬೇಕೆಂದಿದ್ದೆ. ಮಗಳು ಅದನ್ನು ಹೆಗಲ ಮೇಲೆ ಎದ್ದು ಕಾಣುವಂತೆ ಬಿಟ್ಟುಕೊಂಡಿದ್ದಳು. 

ಹೊರಗೆ ಕಾರಿನ ಹಾರನ್ ಕೇಳಿಸಿತು. ಅಜ್ಜನ ಆಪರೇಷನ್ ಆದ ಮೇಲೆ ಡಾಕ್ಟರು ತೋರಿಸಲು ಹೇಳಿದ ದಿನ ಇವತ್ತು. ಎತ್ತಿನ ಗಾಡಿಯ ವೇಗದಲ್ಲಿ ಕಾರು ಓಡಿಸುವ ಮಾಮ, ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ಪುಸ್ತಕ ಇಟ್ಟುಕೊಂಡ ಅತ್ತೆ, ಮುಂದೆ ಕಪ್ಪು ಕನ್ನಡಕದ ಅಜ್ಜ. ಅಜ್ಜ ಇಳಿದು ಬಂದು ಬಾಗಿಲಲ್ಲಿ ನಿಂತ ಮಗಳನ್ನು ನೋಡಿದ. ಕನ್ನಡಕ ತೆಗೆದು, ಸೆರಗನ್ನು ಹಿಡಿದು, ಅಂಚಿನ ಮೇಲೆ ಬೆರಳಾಡಿಸುತ್ತ ಬಂದವನು ಕಲೆಯ ಹತ್ತಿರ ನಿಂತ. ಅತ್ತೆಯೂ ಇಳಿದು ಬಂದು ಅವನ ಪಕ್ಕ ನಿಂತಳು.

ಅಜ್ಜ ಕಲೆಯ ವಿಷಯ ಎತ್ತಲಿಲ್ಲ. ಮಗಳ ಮುಖ ನೋಡಿ, "ಉಂಡ್ಯೇನವ್ವಾ?" ಎಂದ.

ಮಗಳು ಒಳಗೆ ಹೋಗಿ ತಟ್ಟೆ ಎಳೆದುಕೊಂಡಳು.