ಆಯಿಲ್ ಮಾವನ ಪ್ರವಾಸದ ಮಣ್ಣು

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್‌ಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಆಯಿಲ್ ಮಾವ. ಕಾಂಪೌಂಡಿನ ಆಚೆಯಿಂದ ಅವರು ತಲೆ ಎತ್ತಿದರೆಂದರೆ ನನ್ನ ಕಾಫಿ ಆರಿದಂತೆಯೇ ಲೆಕ್ಕ. "ಟೈರಿಗೆ ಗಾಳಿ ಹೊಡೆಸಿದ್ರಾ? ಬದನೆಗೆ ಹುಳ ಬಿತ್ತಾ? ರಜೆಗೆ ಎಲ್ಲಿಗೆ?" ಎಂದು ಒಂದೇ ಉಸಿರಿಗೆ ಕೇಳಿ, ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಹಸುಗೂಸಿಗೆ ಎಣ್ಣೆ ಹಚ್ಚುವ ಅಕ್ಕರೆಯಲ್ಲಿ ತಮ್ಮ ಹಳೇ ಕಾರಿನ ಬಾಗಿಲುಗಳಿಗೆ ಎಣ್ಣೆ ಬಿಡುತ್ತಾರೆ. ಆದರೆ ಆ ಕಾರು ನಿಂತಲ್ಲಿಂದ ಕದಲಿದ್ದನ್ನು ಕಂಡವರಿಲ್ಲ. ಅವರ ಹುರುಳಿಕಾಯಿ ಬಳ್ಳಿ ನಾಲ್ಕೂ ಚಕ್ರಗಳನ್ನು ಸುತ್ತಿಕೊಂಡು ಹೂ ಬಿಟ್ಟಿದೆ. ಹಾಗಿದ್ದೂ ಪ್ರತಿ ಸೋಮವಾರ ಬೆಳಿಗ್ಗೆ ಟೈರಿನ ಸಂದುಗಳಿಂದ ಹಸಿ ಕೆಂಪು ಮಣ್ಣನ್ನು ಚಮಚದಲ್ಲಿ ಕೆರೆದು ಬದನೆಯ ಬುಡಕ್ಕೆ ಹಾಕುತ್ತಾರೆ. "ಪ್ರವಾಸದ ಮಣ್ಣು ಕಣ್ರೀ, ಬೇರೆ ಗೊಬ್ಬರ ಯಾಕೆ?" ನಮ್ಮ ಸುತ್ತಮುತ್ತ ಇರುವುದೆಲ್ಲ ಕಪ್ಪು ಮಣ್ಣು, ಬಳ್ಳಿಯ ಒಂದು ಕುಡಿಯೂ ಮುರಿದಿರುವುದಿಲ್ಲ. ಕಳೆದ ವಾರ, "ಒಂದ್ ಸೀಟ್ ಖಾಲಿ ಇದೆ, ಬರ್ತೀರಾ?" ಎಂದರು. ಹಿರಿಯರ ಮನಸ್ಸು ನೋಯಿಸುವುದೇಕೆಂದು "ಆಯ್ತು ಮಾವ, ಬರ್ತೀನಿ" ಎಂದುಬಿಟ್ಟೆ. ಇವತ್ತು ಸೋಮವಾರ. ಎದ್ದು ಬಾಗಿಲು ತೆರೆದರೆ ಮಾವ ಆಗಲೇ ಚಮಚ ಹಿಡಿದು ಗೋಡೆಯಾಚೆ ನಿಂತಿದ್ದರು. "ನಿಮ್ದೂ ಇತ್ತ ಕೊಡಿ, ಕೆರೆದು ಕೊಡ್ತೀನಿ" ಎಂದು ನನ್ನ ಹೊಸ್ತಿಲಿನತ್ತ ಕೈ ತೋರಿಸಿದರು. ರಾತ್ರಿ ಒರೆಸಿ ಬಿಟ್ಟಿದ್ದ ನನ್ನ ಚಪ್ಪಲಿಗಳಿಗೆ ಹಸಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು.