ಕುರುಗೋಡಿನ ಗುಡ್ಡದ ನೀರು

ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಬೆಳಿಗ್ಗೆ ಕೆಲಸದವನು ಗೋಡೆಯ ಮೇಲಿನ ಪಟ ಇಳಿಸಿ, "ಅಮ್ಮಾರ, ಈ ಪಂಚಿ ಒಣಹಾಕಿದ ಫೋಟೋ ಎಲ್ಲಿಡ್ಲಿ?" ಎಂದು ಕೇಳಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಪಂಚೆಯಂತೆ ಪಂಚೆ! ಅದು ನೀರು ಸ್ವಾಮಿ, ನಮ್ಮ ಕುರುಗೋಡಿನ ಗುಡ್ಡದಿಂದ ಬೀಳುವ ನೀರು. ಅವನಿಗೆ ಹೇಳುತ್ತ ಕೂತರೆ ಸುಣ್ಣ ಒಣಗುತ್ತದೆ. ನಿಮಗಾದರೂ ಹೇಳುತ್ತೇನೆ, ಕೇಳಿ.

ಯುದ್ಧದ ಕಾಲದಲ್ಲಿ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಹೊಳೆಯ ಕಡೆಯ ಊರು, ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಅತ್ತೆಯ ಮನೆಯವರಿಗೆ ನೀರಿನ ಜಂಬ ಬಹಳ. ನಾನು ಬಿಂದಿಗೆಯಿಂದ ಒಂದು ಹನಿ ಚೆಲ್ಲಿದರೂ ನಾದಿನಿಯರು, "ಪಾಪ, ಕಲ್ಲಿನ ಊರಾಕಿ, ನೀರು ಎಲ್ಲಿ ನೋಡ್ಯಾಳ!" ಎಂದು ನಗುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ: "ಯುಗಾದಿ ಮಳಿ ಬಿದ್ರ ನಮ್ಮ ಗುಡ್ಡದಿಂದ ಮೂರಾಳು ಎತ್ತರದ ನೀರು ಧುಮುಕ್ತೈತಿ!"

ನಿಜವಾಗಿ ಎರಡೇ ಆಳು. ಮೂರನೆಯದು ಸಿಟ್ಟಿನಲ್ಲಿ ಸೇರಿಕೊಂಡಿತು. ಒಂದು ಅನ್ನ ಬೇಯುವಷ್ಟು ಹೊತ್ತಿನಲ್ಲಿ ಅದು ನಿಂತುಹೋಗುತ್ತದೆ ಎಂಬುದನ್ನೂ ನಾನು ಹೇಳಲಿಲ್ಲ.

ಅತ್ತೆ ಅಡಕೆ ಕತ್ತರಿಸುತ್ತ, "ಹೌದೇನವಾ? ನಿಮ್ಮಣ್ಣ ಫೋಟೋ ತಗೀತಾನಲ್ಲ, ತಗಸ್ಕೊಂಡು ಬಾ, ನೋಡೂಣು" ಎಂದರು. ಮನೆಯೆಲ್ಲ ನಕ್ಕಿತು. ಹೊಸ ಸೊಸೆ ನಾನು, ತವರಿನ ಮರ್ಯಾದೆ ಆ ನೀರಿಗೆ ಜೋತುಬಿತ್ತು.

ಅಣ್ಣ ಈರಣ್ಣನಿಗೆ ಬಳ್ಳಾರಿಯಲ್ಲಿ ಸಣ್ಣ ಸ್ಟುಡಿಯೋ ಇತ್ತು. ಹಾಲುಗೂಸು ಬರಲಿ, ಸಾಹುಕಾರ ಬರಲಿ, ಅವನದು ಒಂದೇ ಮಾತು: "ಅಲುಗಾಡಬ್ಯಾಡ್ರಿ, ಉಸುರು ಹಿಡೀರಿ." ಆಮೇಲೆ ಕ್ಯಾಮೆರಾದ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚುತ್ತಿದ್ದ. ಯುದ್ಧದ ಆ ಕಾಲಕ್ಕೆ ಪಟ ಮೂಡಿಸುವ ಗಾಜಿನ ಪ್ಲೇಟು ಸಿಗುವುದೇ ಕಷ್ಟವಾಗಿತ್ತು. ಆದರೂ ನನ್ನ ನೀರಿಗೆಂದು ಒಂದು ಪ್ಲೇಟನ್ನು ಕರಿಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ. ಮದುವೆ ಮನೆಯವರು ಕೈಮುಗಿದು ಕೇಳಿದರೂ ಕೊಡಲಿಲ್ಲ. ಎರಡು ಯುಗಾದಿ ಆ ಭಾರದ ಕ್ಯಾಮೆರಾವನ್ನು ಗಾಡಿಯಲ್ಲಿ ಹೇರಿಕೊಂಡು ಕುರುಗೋಡಿಗೆ ಬಂದ. ಮೋಡ ಬರುವುದು, ಗುಡುಗುವುದು, ಹೋಗುವುದು. ಅವನು ಒಂದು ಸಲವೂ ಗೊಣಗಲಿಲ್ಲ. "ತಂಗಿ ಮಾತು ಕೊಟ್ಟಾಳ, ಮಳಿ ಕೊಟ್ಟಿಲ್ಲ, ಅಷ್ಟ" ಎಂದು ಗಾಡಿ ಹತ್ತುತ್ತಿದ್ದ. ಅಂಥ ಅಣ್ಣ ಯಾರಿಗುಂಟು ಹೇಳಿ!

ಮೂರನೆಯ ಯುಗಾದಿಯ ಮರುದಿನ ಮಧ್ಯಾಹ್ನ ಮಳೆ ಸುರಿಯಿತು ನೋಡಿ, ಆಕಾಶವೇ ತೂತಾದ ಹಾಗೆ. ನಿಂತ ಕೂಡಲೇ ಅಣ್ಣ, ಅವ್ವ, ನಾನು ಗುಡ್ಡದ ಬುಡಕ್ಕೆ ಓಡಿದೆವು. ಬಂಡೆಯಿಂದ ನೀರು ಧೋ ಎಂದು ಬೀಳುತ್ತಿತ್ತು! ಕಾದ ಕಲ್ಲಿಗೆ ನೀರು ಬಿದ್ದ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನಾನು ಅತ್ತೇಬಿಟ್ಟೆ.

ಎತ್ತರ ತಿಳಿಯಲೆಂದು ಅಣ್ಣ ಅವ್ವನನ್ನು ನೀರಿನ ಪಕ್ಕ ನಿಲ್ಲಿಸಿದ. ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ, ಹೊರಬಂದ. ಮೋಡದ ಮಬ್ಬು, ಬಹಳ ಹೊತ್ತು ಎಣಿಸಬೇಕಿತ್ತು. ಮುಚ್ಚಳಕ್ಕೆ ಕೈ ಹಾಕಿ, ಸೀದಾ ಆ ನೀರನ್ನೇ ನೋಡುತ್ತ ಗಂಭೀರವಾಗಿ ಹೇಳಿದ: "ಅಲುಗಾಡಬ್ಯಾಡ್ರಿ, ಉಸುರು ಹಿಡೀರಿ."

ಅವ್ವ ಕಿಸಕ್ಕನೆ ನಕ್ಕಳು. "ಲೇ ಈರಣ್ಣ, ನೀರಿಗೆ ಹೇಳಾಕತ್ತಿಯೇನೋ!" ಎಂದು ಹೊಟ್ಟೆ ಹಿಡಿದುಕೊಂಡು, ಕಾಲು ಜಾರಿ, ನೀರಿನಡಿಗೇ ಹೋದಳು. ಮುಚ್ಚಳ ಆಗಲೇ ತೆಗೆದಾಗಿತ್ತು. "ಅವ್ವಾ, ಅಲುಗಾಡಬ್ಯಾಡ! ಇರೋದು ಒಂದ ಪ್ಲೇಟು!" ಎಂದು ಅಣ್ಣ ಕೂಗಿಕೊಂಡ. ಆಕೆ ಇನ್ನಷ್ಟು ನಕ್ಕಳು. ಅಣ್ಣ ಆ ಸಂಜೆ ಊಟ ಮಾಡಲಿಲ್ಲ.

ಬಳ್ಳಾರಿಯಲ್ಲಿ ಪ್ಲೇಟು ತೊಳೆದು ನೋಡಿದರೆ, ಬಂಡೆ ಬಂಡೆಯ ಹಾಗೇ ಇತ್ತು. ಎಣಿಸಿದಷ್ಟು ಹೊತ್ತೂ ಅಲುಗಾಡಿದ ನೀರು ಮಾತ್ರ ಒಗೆದು ಹರವಿದ ಪಂಚೆಯಾಗಿತ್ತು. ಅವ್ವನ ಕೈಕಾಲು ಕಲಸಿಹೋಗಿದ್ದವು, ಮುಖ ಮಾತ್ರ ಹೇಗೋ ಉಳಿದಿತ್ತು.

ಸಿರುಗುಪ್ಪಕ್ಕೆ ಅದನ್ನೇ ಒಯ್ದೆ. ನಾದಿನಿಯರು ನೋಡಿದ್ದೇ ತಡ, "ಅಯ್ಯ, ಪಂಚಿ!" ಎಂದು ಬಿದ್ದು ಬಿದ್ದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆ ಮಾತ್ರ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸುಮ್ನಿರ್ರಿ," ಎಂದರು. "ಬೀಗತಿ ಸೀರಿ ನೋಡ್ರಿ, ಮೈಗೆ ಹೆಂಗ ಅಂಟೈತಿ. ಮಾರಿ ಮ್ಯಾಲ ನೀರು ಬಿದ್ದು ಕಣ್ಣು ಮುಚ್ಚ್ಯಾಳ. ಪಂಚಿ ಕೆಳಗ ನಿಂತು ಯಾರರ ಹಿಂಗ ನಗ್ತಾರೇನು? ಇದು ನೀರ."

ಅಂದಿನಿಂದ ಆ ಮನೆಯಲ್ಲಿ ಯಾರೂ ನನ್ನನ್ನು ಕಲ್ಲಿನ ಊರಾಕಿ ಎನ್ನಲಿಲ್ಲ.

ಅವ್ವ ಮತ್ತೆಂದೂ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಆಕೆಯದು ನಮ್ಮಲ್ಲಿ ಇರುವುದು ಇದೊಂದೇ ಪಟ. ಇಷ್ಟು ವರ್ಷ ನಾನು ಅದನ್ನು ನೀರಿನ ಸಾಕ್ಷಿಯೆಂದು ಎತ್ತರದಲ್ಲಿ ತೂಗುಹಾಕಿ, ಬಂದವರಿಗೆಲ್ಲ ನೀರನ್ನೇ ತೋರಿಸಿದೆ. ಎಂಥ ಹುಚ್ಚಿ ನಾನು!

ಸುಣ್ಣ ಒಣಗಿದೆ. ಕೆಲಸದವನು ಹಳೆಯ ಮೊಳೆಗೇ ಪಟ ಹಾಕಲು ಹೊರಟ. ಬೇಡವೆಂದೆ. ಒಂದು ಮೊಳ ಕೆಳಗೆ, ಅವ್ವನ ಮುಖ ನನ್ನ ಮುಖಕ್ಕೆ ಸಮವಾಗುವಲ್ಲಿ ಹೊಸ ಮೊಳೆ ಹೊಡೆಸಿದೆ. ಅವನು ಅತ್ತ ಹೋದ ಮೇಲೆ ಹತ್ತಿರ ನಿಂತು ಹೇಳಿದೆ: "ಅಲುಗಾಡವ್ವಾ, ನಿನಗ ಎಷ್ಟು ಬೇಕೋ ಅಷ್ಟು ಅಲುಗಾಡು."