ಮಡಚಿಟ್ಟ ಹೆಸರು

ಸೌಮ್ಯ ಪಾಪದವಳು, ಯಾರ ತಂಟೆಗೂ ಹೋಗದವಳು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪದವಳಾಗಿದ್ದರೆ ಅವಳ ಹೆಸರು ಇವತ್ತಿಗೂ ಶಿರಸಿಯಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬ್ಲೌಸಿಗೆ ಹುಕ್ಕು ಹಚ್ಚುತ್ತ, ಗಿರಾಕಿಗಳ ಜೊತೆ ನಗುತ್ತ, ಹನ್ನೊಂದು ಹನ್ನೆರಡು ವರ್ಷ ಹೊಟ್ಟೆಯೊಳಗೆ ಕಿಚ್ಚು ಇಟ್ಟುಕೊಂಡು ಬದುಕಿದವಳು ಅವಳು. ನಾನು ದೇವಕಿ. ಅವಳ ಹೊಲಿಗೆ ಅಂಗಡಿಗೆ ತಾಗಿಯೇ ನನ್ನ ಜೆರಾಕ್ಸ್ ಅಂಗಡಿ ಇದೆ, ಹಾಗಾಗಿ ಅವಳ ಬಾಯಿಂದಲೇ ಕೇಳಿದ್ದನ್ನು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಅವಳ ಊರು ಸಿದ್ದಾಪುರ ತಾಲೂಕಿನ ನಿಲ್ಕುಂದ. ತಾಯಿ ದುರ್ಗಮ್ಮನಿಗೆ ಮದುವೆಮನೆಯ ಹಾಡುಗಳೆಲ್ಲ ಬಾಯಿಗೇ ಬರುತ್ತಿದ್ದವು, ಮಗಳಿಗೂ ಕಲಿಸಿದ್ದಳು. ೧೯೯೬ರಲ್ಲಿ ಒಂದು ಮದುವೆಯಲ್ಲಿ ಸೌಮ್ಯ ಬಾಸಿಂಗ ಕಟ್ಟುವ ಹೊತ್ತಿನ ಹಾಡು ಹೇಳುವುದನ್ನು ದಿನಕರ ಹೆಗಡೆ ಕೇಳಿದ. ಆಗ ಶಿರಸಿಯಲ್ಲಿ ಅವನದೊಂದು ಕ್ಯಾಸೆಟ್ ಸ್ಟುಡಿಯೋ ಇತ್ತು. ನಮಗೆ ದೂರದ ನೆಂಟನೂ ಹೌದು. ಅದನ್ನು ಹೇಳಿಕೊಳ್ಳಲು ನನಗೇನೂ ಖುಷಿಯಿಲ್ಲ. ಅವಳನ್ನು ಕರೆಸಿ ಹತ್ತು ಹಾಡು ಹೇಳಿಸಿದ. ಟೇಪುಗಳು ಅದಲುಬದಲಾಗಬಾರದೆಂದು ಪ್ರತಿ ಹಾಡಿಗೂ ಮೊದಲು ಹಾಡುವವರು ತಮ್ಮ ಹೆಸರು, ಊರು, ಹಾಡು ಯಾವುದು ಎಂದು ಮೈಕಿಗೆ ಹೇಳಬೇಕು. ಅದು ಅವನ ಸ್ಟುಡಿಯೋದ ಪದ್ಧತಿ. ಇವಳೂ ಹೇಳಿದಳು.

ಕ್ಯಾಸೆಟ್ಟು ಹೊರಬಂದಾಗ ಅದರ ಮೇಲೆ ದಿನಕರನ ಮಗಳು ಶ್ರೀಲಕ್ಷ್ಮಿಯ ಫೋಟೋ ಇತ್ತು. ಗಾಯಕಿ ಎಂದು ಹಾಕಿದ್ದೂ ಅವಳದೇ ಹೆಸರು. ಒಳಗಿನ ದನಿ ಮಾತ್ರ ಸೌಮ್ಯಳದು. ಹಾಡಿಗೆ ಮೊದಲು ಹೇಳಿದ ಹೆಸರು, ಊರು ಎಲ್ಲ ಕತ್ತರಿಸಿಹೋಗಿತ್ತು. ಅವಳು ಬಸ್ಸು ಹತ್ತಿ ಬಂದು ಕೇಳಿದಳು, “ಹೆಗಡೇರೆ, ಇದು ನನ್ನ ದನಿ ಅಲ್ದ?”

“ದನಿ ಒಂದಿದ್ರೆ ಆಯ್ತನೇ? ಕ್ಯಾಸೆಟ್ಟಿಗೆ ಒಂದು ಮುಖ ಬೇಕು, ಹೆಸರು ಬೇಕು. ನಿಲ್ಕುಂದದ ಸೌಮ್ಯ ಅಂದ್ರೆ ಯಾರಿಗೆ ಗೊತ್ತು?” ಎಂದನಂತೆ.

ಆ ಹಾಡುಗಳು ಸಿದ್ದಾಪುರದ ಬಸ್ಸಿನಲ್ಲಿ, ಯಲ್ಲಾಪುರದ ಹೋಟೆಲಿನಲ್ಲಿ, ಎಲ್ಲಿ ಹೋದರಲ್ಲಿ ಕೇಳಿಸತೊಡಗಿದವು. ಒಂದು ಮದುವೆಯಲ್ಲಿ ಸೌಮ್ಯ ಹಾಡಲು ನಿಂತಾಗ ಯಾವಳೋ ಒಬ್ಬಳು, “ಶ್ರೀಲಕ್ಷ್ಮಿ ಹಂಗೇ ಹಾಡೂಕೆ ಕಲ್ತಿದ್ಯಲೇ” ಎಂದು ಹೊಗಳಿದಳು. ಅವತ್ತಿಗೆ ಇವಳ ಬಾಯಿ ಮುಚ್ಚಿತು. ದುರ್ಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಸಾಯುವವರೆಗೂ ಆ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, “ನಿನ್ನ ಪಟ ಯಾಕೆ ಹಾಕಲಿಲ್ಲ ಇವ್ರು?” ಎಂದು ಕೇಳುತ್ತಿದ್ದಳಂತೆ. ತಾಯಿ ಹೋದ ಮೇಲೆ ಸೌಮ್ಯ ಶಿರಸಿಗೆ ಬಂದು ನನ್ನ ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಇದನ್ನೆಲ್ಲ ನನಗೆ ಹೇಳುವಾಗ ಅವಳು ಅಳಲಿಲ್ಲ. ಹಲ್ಲು ಕಚ್ಚಿದ್ದು ಮಾತ್ರ ನನಗೆ ಕಾಣಿಸಿತು.

೨೦೦೭ರಲ್ಲಿ ನನ್ನ ಹಳೆಯ ಕಂಪ್ಯೂಟರನ್ನು ಅವಳೇ ಕೊಂಡಳು. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಸದ್ದು ತಡೆಯಲು ಹಳೆಯ ಕಂಬಳಿಗಳನ್ನು ಹೊಡೆದು, ಒಂದು ಮೈಕು ತಂದು, “ದೇವಕ್ಕ, ಹಳ್ಳಿ ಹೆಂಗಸ್ರ ಹಾಡು ರೆಕಾರ್ಡ್ ಮಾಡೂಕೆ ಒಂದು ಸಾಫ್ಟ್‌ವೇರ್ ಹಾಕಿಕೊಡು” ಎಂದಳು. ಊರಲ್ಲೆಲ್ಲ ಕೈಯಿಂದ ಕೈಗೆ ಓಡಾಡುತ್ತಿದ್ದ ಸೀಡಿಯೊಂದು ನನ್ನ ಹತ್ತಿರ ಇತ್ತು. ಸ್ಟುಡಿಯೋದವರೆಲ್ಲ ಬಳಸುತ್ತಿದ್ದದ್ದು ಅದನ್ನೇ. ತೆಗೆದುಕೊಟ್ಟೆ.

“ಇದು ದುಡ್ಡು ಕೊಟ್ಟು ತಂದದ್ದ, ಕದ್ದದ್ದ?”

“ದುಡ್ಡು ಕೊಟ್ಟು ಯಾರು ತರ್ತಾರೆ ಮಾರಾಯ್ತಿ? ದಿನಕರಣ್ಣನ ಸ್ಟುಡಿಯೋದಲ್ಲೂ ಇದೇ ಇರೋದು.”

“ಹಂಗಾರೆ ನಂಗೆ ಬ್ಯಾಡ” ಎಂದು ಸೀಡಿಯನ್ನು ಹಿಂದಕ್ಕೆ ತಳ್ಳಿದಳು. “ಕದ್ದದ್ದರಲ್ಲೇ ನಾನೂ ಹಾಡಿಸಿದ್ರೆ ಅವ್ರಿಗೂ ನಂಗೂ ಎಂತ ವ್ಯತ್ಯಾಸ? ನಾಳೆ ಅವ್ರ ಕೊರಳಪಟ್ಟಿ ಹಿಡಿಯೋ ದಿನ ಬಂದ್ರೆ ನನ್ನ ಕೈ ಚೊಕ್ಕ ಇರ್ಬೇಕು.”

ಚೊಕ್ಕ ಕೈಯ ಹುಚ್ಚು ಅವಳದು, ತಲೆನೋವು ನನಗೆ. ಕಂಪ್ಯೂಟರ್ ಪತ್ರಿಕೆಯ ಜೊತೆ ಬಿಟ್ಟಿ ಬಂದಿದ್ದ, ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸ್ ಸೀಡಿ ಹುಡುಕಿ ಹಾಕಿದೆ. ಅದರಲ್ಲಿ ಹಾಡಿನ ಕೆಲಸಕ್ಕೆಂದೇ ಒಂದು ರಾಶಿ ತಂತ್ರಾಂಶಗಳಿದ್ದವು. ಯಾವುದಕ್ಕೂ ಕಾಸಿಲ್ಲ, ಯಾವುದೂ ಕದ್ದದ್ದಲ್ಲ. ಆದರೆ ಯಾವುದನ್ನು ಆರಿಸುವುದು? ರೋಸ್‌ಗಾರ್ಡನ್ ಎಂಬುದು ಕೀಬೋರ್ಡ್ ನುಡಿಸಿ ಸ್ವರ ಬರೆಯುವವರಿಗೆ ಚೆನ್ನ, ಅಷ್ಟು ವಿದ್ಯೆ ನಮಗಿಬ್ಬರಿಗೂ ಇರಲಿಲ್ಲ. ಎಲ್‌ಎಂಎಂಎಸ್ ತಾನೇ ತಾಳ ಹಾಕುತ್ತದೆ, ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಆಡಾಸಿಟಿ ಸಲೀಸಾಗಿತ್ತು. ಇದೇ ಸಾಕು, ನನಗೆ ಅಂಗಡಿ ಇದೆ ಎಂದು ನಾನು ಎದ್ದೆ.

ಸೌಮ್ಯ ಬಿಡಲಿಲ್ಲ. ಒಂದು ಸಾಲು ಹಾಡಿದಳು, ಹಾಡಿಗೆ ಮೊದಲು ತನ್ನ ಹೆಸರನ್ನೂ ಹೇಳಿದಳು. ಆ ಹೆಸರಿಗೆ ನನ್ನಿಂದ ಕತ್ತರಿ ಹಾಕಿಸಿದಳು, ಸೇವ್ ಮಾಡಿಸಿ ಮುಚ್ಚಿಸಿದಳು, ಮತ್ತೆ ತೆರೆಸಿ, “ಈಗ ನನ್ನ ಹೆಸರು ವಾಪಸ್ ತಾ” ಎಂದಳು. ಎಲ್ಲಿಂದ ತರಲಿ? ಮುಚ್ಚಿದ ಮೇಲೆ ಕತ್ತರಿಸಿದ್ದು ಹೋಗಿಯೇ ಹೋಗಿತ್ತು.

“ಇದೂ ಅವ್ರ ಕತ್ತರಿನೇ. ಬೇರೆ ನೋಡು.”

ಕಡೆಗೆ ಆರ್ಡೋರ್ ಎಂಬುದಕ್ಕೆ ಕೈಹಾಕಿದೆವು. ಅದರ ಸೊಕ್ಕು ಕೇಳಬೇಡಿ. ಮೊದಲು ಜಾಕ್ ಎಂಬ ಇನ್ನೊಂದು ತಂತ್ರಾಂಶವನ್ನು ಎಬ್ಬಿಸದಿದ್ದರೆ ಇದು ಕಣ್ಣೇ ಬಿಡುವುದಿಲ್ಲ. ಎಬ್ಬಿಸಿದರೆ ದನಿಯ ನಡುವೆ ಸಾಸಿವೆ ಸಿಡಿದ ಹಾಗೆ ಚಟಪಟ. ಅದನ್ನು ಸರಿಮಾಡುವುದರೊಳಗೆ ನಾನು ಲಿನಕ್ಸಿನ ವಂಶವನ್ನೆಲ್ಲ ಬೈದಿದ್ದೆ. ಆದರೆ ಸೌಮ್ಯಳ ಪರೀಕ್ಷೆಯಲ್ಲಿ ಪಾಸಾದದ್ದು ಅದೊಂದೇ. ಪರದೆಯ ಮೇಲೆ ಹಾಡು ಬಟ್ಟೆಯ ಪಟ್ಟಿಯಂತೆ ಉದ್ದಕ್ಕೆ ಕಾಣುತ್ತದೆ. ಅಂಚು ಹಿಡಿದು ಒಳಕ್ಕೆ ಎಳೆದರೆ ಬೇಡದ ಭಾಗ ಮರೆಯಾಗುತ್ತದೆ. ಮುಚ್ಚಿ, ಮರುದಿನ ತೆರೆದು, ಅಂಚನ್ನು ಹೊರಕ್ಕೆ ಎಳೆದರೂ ಎಲ್ಲ ಇದ್ದಲ್ಲೇ ಇರುತ್ತದೆ. ಅವಳು ಹತ್ತಾರು ಸಲ ಎಳೆದು ನೋಡಿದಳು.

“ಹುಡುಗಿಯರ ಲಂಗಕ್ಕೆ ಬಟ್ಟೆ ಮಡಚಿ ಹೊಲೀತೇವಲ್ಲ ದೇವಕ್ಕ, ಬೆಳೆದ ಮೇಲೆ ಬಿಚ್ಚೂಕೆ. ಇದು ಹಂಗೇ. ಇದೇ ಇರ್ಲಿ.”

ಆಮೇಲೆ ಸುತ್ತಲಿನ ಹಳ್ಳಿಗಳ ಹೆಂಗಸರು ಬಂದು ಹಾಡತೊಡಗಿದರು. ಹೆಗಡೆಕಟ್ಟಾದವರು, ಉಮ್ಮಚಗಿಯವರು, ನಮ್ಮ ಕೇರಿಯ ಪಾರ್ವತವ್ವ ಕೂಡ. ಪ್ರತಿಯೊಬ್ಬರ ಸೀಡಿಯ ಮೇಲೂ ಅವರವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದಳು, ಅಚ್ಚು ಹಾಕುತ್ತಿದ್ದವಳು ನಾನು. ತಾನು ಮಾತ್ರ ಹಾಡಲಿಲ್ಲ. ಹಾಡಿದರೆ ಮತ್ತೆ ಶ್ರೀಲಕ್ಷ್ಮಿಯ ನಕಲು ಎನ್ನುತ್ತಾರಲ್ಲ.

ಮರುವರ್ಷ ದಿನಕರ ಹೆಗಡೆ ನನ್ನ ಅಂಗಡಿಗೆ ಬಂದ. “ದೇವಕಿ, ಸ್ಟುಡಿಯೋದ ಕಂಪ್ಯೂಟರಿಗೆ ವೈರಸ್ ಹೊಕ್ಕಿ ಎಲ್ಲಾ ಹಾಳಾಗೋತು. ನಮ್ಮ ಕೂಸು ಶ್ರೀಲಕ್ಷ್ಮಿಯ ಹಳೇ ಹಾಡಿನ ಮಾಸ್ಟರ್ ಟೇಪ್ ಒಂದು ಉಳ್ಕಂಡಿದ್ದು. ಅದಕ್ಕೆ ಸನ್ಮಾನ ಇದ್ದು, ಅವತ್ತೇ ಸೀಡಿ ಬಿಡುಗಡೆ ಆಗ್ಲೇಬೇಕು. ಯಾರ ಹತ್ರ ಮಾಡ್ಸಲಿ?”

ಅದು ಯಾವ ಟೇಪೆಂದು ನನಗೆ ಕೂಡಲೇ ಹೊಳೆಯಿತು. “ಪಕ್ಕದ ಟೇಲರ್ ಮಾಡಿಕೊಡ್ತು” ಎಂದೆ.

ಟೇಪನ್ನೂ ಅದನ್ನು ಹಾಕುವ ಡೆಕ್ಕನ್ನೂ ಅವನೇ ಹೊತ್ತು ತಂದ. ಸೌಮ್ಯ ಬಾಯಲ್ಲಿ ಕಚ್ಚಿದ್ದ ದಾರವನ್ನು ತೆಗೆದು ಎದ್ದು ನಿಂತಳು. ಅವನು ಅವಳ ಮುಖವನ್ನು ನೆಟ್ಟಗೆ ನೋಡಿದ. ಗುರುತು ಸಿಗಲಿಲ್ಲ. ಒಬ್ಬಳ ದನಿಯನ್ನು ಮಾರಿ ಮನೆ ಕಟ್ಟಿದವನಿಗೆ ಅವಳ ಮುಖ ನೆನಪಿರಲಿಲ್ಲ.

“ಇದು ನನ್ನ ಮಗಳು ಹಾಡಿದ್ದು ತಂಗಿ, ಜೋಪಾನ. ಹಾಡಿಗೆ ಮೊದಲು ಎಂತೆಂತದೋ ಮಾತು ಇರ್ತದೆ, ಅದನ್ನ ತೆಗೆದುಹಾಕು.”

“ಆಯ್ತು ಹೆಗಡೇರೆ” ಎಂದಳು.

ಅವನು ಹೋದ ಮೇಲೆ ಟೇಪು ಹಾಕಿದೆವು. ಕರಕರ ಸದ್ದಿನ ನಡುವೆ ಒಬ್ಬ ಹುಡುಗಿಯ ದನಿ ಬಂತು. ‘ನನ್ನ ಹೆಸರು ಸೌಮ್ಯ. ಊರು ನಿಲ್ಕುಂದ. ಬಾಸಿಂಗದ ಹಾಡು. ಹೇಳಿಕೊಟ್ಟವಳು ನನ್ನ ಅವ್ವ ದುರ್ಗಮ್ಮ.’ ಸೌಮ್ಯ ಗೋಡೆಯ ಕಂಬಳಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

“ಒಲೆಗೆ ಹಾಕು ಇದನ್ನ” ಎಂದೆ ನಾನು.

“ಒಲೆಗೆ ಹಾಕಿದ್ರೆ ನನ್ನ ದನಿಯೂ ಸುಟ್ಟು ಹೋಗ್ತದಲ ದೇವಕ್ಕ. ಅವ್ರು ಹೇಳಿದ ಹಂಗೇ ಮಾಡ್ತೆ.”

ಹಾಗೆಯೇ ಮಾಡಿದಳು. ಹತ್ತೂ ಹಾಡುಗಳ ಅಂಚು ಎಳೆದು ಮಾತುಗಳನ್ನು ಒಳಗೆ ಮಡಚಿದಳು. ದಿನಕರ ಬಂದು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿದ, ಎಲ್ಲೂ ಒಂದು ಮಾತಿಲ್ಲ. ಮಗಳ ದನಿ ಎಷ್ಟು ಚೆನ್ನಾಗಿದೆ ಎಂದು ಅವಳೆದುರೇ ಹೊಗಳಿಕೊಂಡು, ಸೀಡಿಗಳನ್ನು ಸೀದಾ ಸಭಾಂಗಣಕ್ಕೇ ಕಳಿಸಿ ಎಂದು ಹೇಳಿ ಹೋದ. ಅವನ ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಸೌಮ್ಯ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಒಂದೊಂದೇ ಅಂಚನ್ನು ಹೊರಕ್ಕೆ ಎಳೆದಳು. ಸೀಡಿ ಬರೆದದ್ದು ಆಮೇಲೆ.

ಬಿಡುಗಡೆಯ ದಿನ ನಾವಿಬ್ಬರೂ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದೆವು. ವೇದಿಕೆಯ ಮೇಲೆ ಶ್ರೀಲಕ್ಷ್ಮಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ದಿನಕರ ಮೈಕು ಹಿಡಿದು, “ಈಗ ನನ್ನ ಮಗಳ ಕಂಠ” ಎಂದ. ಮೈಕ್‌ಸೆಟ್ಟಿನ ಉಲ್ಲಾಸ ಗುಂಡಿ ಒತ್ತಿದ.

‘ನನ್ನ ಹೆಸರು ಸೌಮ್ಯ. ಊರು ನಿಲ್ಕುಂದ.’

ಸಭೆಯಲ್ಲಿ ಗುಸುಗುಸು ಎದ್ದಿತು. ಇದಾದ ಮೇಲೆ ಬಂದ ಹಾಡೂ ಅದೇ ದನಿಯಲ್ಲಿತ್ತು. “ಏನೋ ತಪ್ಪಾಗಿದೆ, ಮುಂದಿನದು ಹಾಕು” ಎಂದು ದಿನಕರ ಕೂಗಿದ. ಉಲ್ಲಾಸ ಮುಂದಿನದನ್ನು ಹಾಕಿದ. ಮತ್ತೆ ಅದೇ ಹೆಸರು, ಅದೇ ಊರು. ಅದರ ಮುಂದಿನದಕ್ಕೂ ಅದೇ. ಮುಂದಿನ ಸಾಲಿನ ಪಾರ್ವತವ್ವ ಹಿಂದಕ್ಕೆ ತಿರುಗಿ ನಮ್ಮ ಕಡೆ ನೋಡಿ, “ನಮ್ಮ ಟೇಲರ್ ಸೌಮ್ಯನ ದನಿಯಲ್ದೇನೇ ಇದು?” ಎಂದು ಊರಿಗೇ ಕೇಳುವಂತೆ ಹೇಳಿದಳು. ಶ್ರೀಲಕ್ಷ್ಮಿ ತಲೆ ತಗ್ಗಿಸಿ ಶಾಲನ್ನು ಕುರ್ಚಿಯ ಮೇಲೆ ತೆಗೆದಿಟ್ಟಳು. ಅಯ್ಯೋ ಪಾಪ ಎನ್ನುವವರು ಎನ್ನಲಿ. ಆ ಹೊತ್ತಿನಲ್ಲಿ ನನಗೆ ಹಾಲು ಕುಡಿದಷ್ಟು ತೃಪ್ತಿಯಾಯಿತು.

ದಿನಕರ ವೇದಿಕೆಯಿಂದ ಇಳಿದು, ಕುರ್ಚಿಗಳನ್ನು ತಳ್ಳುತ್ತ ನಮ್ಮ ಸಾಲಿಗೇ ಬಂದ. ಮುಖ ಕೆಂಪಾಗಿತ್ತು. “ಮಾತೆಲ್ಲ ತೆಗಿ ಅಂದಿದ್ನಲ್ಲ?”

ಸೌಮ್ಯ ಎದ್ದು ನಿಂತಳು. “ತೆಗೆದಿದ್ದೆ ಹೆಗಡೇರೆ, ನೀವೇ ಕೇಳಿ ನೋಡಿದ್ರಲ್ಲ. ನಾನು ಕತ್ತರಿಸಿರಲಿಲ್ಲ. ಮಡಚಿಟ್ಟಿದ್ದೆ. ಆಮೇಲೆ ಬಿಚ್ಚಿದೆ.”

“ಹಂಗೆ ಮಾಡೂಕೆ ಯಾರೇ ನೀನು?”

ಅವಳು ಸ್ಪೀಕರಿನ ಕಡೆ ಕೈ ತೋರಿಸಿದಳು. ಗಾಬರಿಯಲ್ಲಿ ಉಲ್ಲಾಸ ಮತ್ತೊಂದು ಹಾಡನ್ನು ಒತ್ತಿದ್ದ. ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಆ ಹುಡುಗಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಹೇಳಿಕೊಟ್ಟವಳು ನನ್ನ ಅವ್ವ ದುರ್ಗಮ್ಮ ಎಂದಳು.